ಲಾಲ್‌ಬಾಗಿನ ಗಾಜಿನ ಮನೆ, ನಮ್ಮ ಫೋರ್ಟಿನ ಕಬ್ಬಿಣ

ನನ್ನ ತಂದೆಯವರು ಹಗಲೆಲ್ಲ ಮುಂಬಯಿಯ ಫೋರ್ಟ್ ಬಡಾವಣೆಯ ಹೋಟೆಲೊಂದರಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಅಲ್ಲಿನ ಕಾಲಾಘೋಡಾದ ವಾಟ್ಸನ್ಸ್ ಹೋಟೆಲಿನ ಕಬ್ಬಿಣದ ಕಟ್ಟಡವನ್ನು ದಿನವೂ ದಾಟಿ ಹೋಗುತ್ತಿದ್ದ ಅವರು, ಒಂದು ಆಗಸ್ಟಿನಲ್ಲಿ ನನ್ನನ್ನು ಬೆಂಗಳೂರಿನ ಲಾಲ್‌ಬಾಗಿಗೆ ಕರೆದೊಯ್ದಾಗ ಹೂವುಗಳನ್ನು ಹೆಚ್ಚು ನೋಡಲಿಲ್ಲ. ಗಾಜಿನ ಮನೆಯ ಕಂಬವೊಂದಕ್ಕೆ ಅಂಗೈ ಒತ್ತಿ, “ಇದೂ ನಮ್ಮ ಫೋರ್ಟಿನ ಕಬ್ಬಿಣದ ಜಾತಿಯೇ ಮಗಾ” ಎಂದರು. ಬಣ್ಣದ ಮೇಲೆ ಬಣ್ಣ ಬಳಿದು ಆ ಎರಕದ ಅಂಚುಗಳೆಲ್ಲ ನುಣುಪಾಗಿದ್ದವು.

ಅವರ ಮಾತು ನಿಜವೆಂಬುದು ಮುಂದೆ ಓದಿದಾಗ ತಿಳಿಯಿತು. 1851ರಲ್ಲಿ ಲಂಡನ್ನಿನಲ್ಲಿ ಕಬ್ಬಿಣ, ಗಾಜುಗಳಿಂದ ಎದ್ದ ಪ್ರದರ್ಶನ ಭವನ ಕ್ರಿಸ್ಟಲ್ ಪ್ಯಾಲೇಸಿನ ಕೆಲಸದಲ್ಲಿ ಪಳಗಿದ್ದ ರೋಲಂಡ್ ಮೇಸನ್ ಆರ್ಡಿಶ್ ಅವರೇ ವಾಟ್ಸನ್ಸ್ ಹೋಟೆಲಿನ ವಿನ್ಯಾಸಕಾರರು. ಇಂಗ್ಲೆಂಡಿನಲ್ಲಿ ಎರಕ ಹೊಯ್ದ ಅದರ ಬಿಡಿಭಾಗಗಳು ಹಡಗಿನಲ್ಲಿ ಬಂದು 1860ರ ದಶಕದಲ್ಲಿ ಮುಂಬಯಿಯಲ್ಲಿ ಜೋಡಣೆಯಾದವು. ಗಾಜಿನ ಮನೆಗೂ ಅದೇ ಪ್ಯಾಲೇಸ್ ಮಾದರಿ. ಜಾನ್ ಕ್ಯಾಮರನ್ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದಾಗ, 1889ರ ನವೆಂಬರ್ 30ರಂದು, ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಡಿಗಲ್ಲು ಇಟ್ಟರು. ಕಬ್ಬಿಣ ಗ್ಲಾಸ್ಗೋದಿಂದ ಬಂತು. (ಮೂಲದ ಕ್ರಿಸ್ಟಲ್ ಪ್ಯಾಲೇಸ್ ಸುಟ್ಟುಹೋದದ್ದೂ ನವೆಂಬರ್ 30ರಂದೇ, 1936ರಲ್ಲಿ.)

ಚಳಿಯ ದೇಶಗಳಲ್ಲಿ ಗಾಜಿನ ಮನೆಯೆಂದರೆ ಗಿಡಗಳಿಗೆ ಶಾಖ ಹಿಡಿದಿಡುವ ಮುಚ್ಚಿದ ಕೋಣೆ. ಬೆಂಗಳೂರಿನ ಹವೆಗೆ ಅದರ ಅಗತ್ಯವಿರಲಿಲ್ಲ. ಇಲ್ಲಿ ಮೇಲೆ ಗಾಜು, ಕೆಳಗೆ ಗಾಳಿಯಾಡುವ ತೆರವು, ನಡುವೆ ಜನ. ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯೋತ್ಸವಕ್ಕೂ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಈ ಪ್ರದರ್ಶನಗಳೇ ಗಾಜಿನ ಮನೆಯನ್ನು ಉಳಿಸಿವೆ ಎಂಬುದು ನನ್ನ ದೃಢವಾದ ನಂಬಿಕೆ. ವರ್ಷಕ್ಕೆರಡು ಬಾರಿ ಊರಿಗೆ ಊರೇ ಬಂದು ತಲೆಯೆತ್ತಿ ನೋಡುವ ಮಾಡಿನಲ್ಲಿ ಒಡೆದ ಗಾಜನ್ನು ಹಾಗೆಯೇ ಬಿಡುವುದು ಯಾವ ಅಧಿಕಾರಿಗೂ ಸುಲಭವಲ್ಲ. ಬಳಕೆ ಹೆಚ್ಚಿದಂತೆ ಕಟ್ಟಡವೂ ಬೆಳೆಯಿತು: 1935ರಲ್ಲಿ ಪೂರ್ವಕ್ಕೆ ವಿಸ್ತರಿಸಿದಾಗ ಉಕ್ಕು ನಮ್ಮ ಭದ್ರಾವತಿಯದೇ ಆಗಿತ್ತು.

ವಾಟ್ಸನ್ಸ್ ಹೋಟೆಲಿಗೆ ಈ ಭಾಗ್ಯ ಸಿಗಲಿಲ್ಲ. 1896ರ ಜುಲೈ 7ರಂದು ಫ್ರಾನ್ಸಿನ ಲ್ಯುಮಿಯೇರ್ ಸಹೋದರರ ಚಲನಚಿತ್ರಗಳು ಭಾರತದಲ್ಲಿ ಮೊದಲು ಪ್ರದರ್ಶನಗೊಂಡ ಆ ಕಟ್ಟಡ, ಹೋಟೆಲು ಮುಚ್ಚಿದ ಮೇಲೆ ಸಣ್ಣಸಣ್ಣ ಕೋಣೆಗಳಾಗಿ ಹಂಚಿಹೋಗಿ, ಕಡಲ ಗಾಳಿಗೂ ಮಳೆಗೂ ಜೀರ್ಣವಾಯಿತು. 2019ರಲ್ಲಿ ಅದನ್ನು ಕೆಡವುವುದೇ ಲೇಸೆಂಬ ತಜ್ಞರ ವರದಿಯೂ ಬಂತು. ಕೆಡವಬಾರದೆಂದು ನಾನು ಬಲವಾಗಿ ಹೇಳುತ್ತೇನೆ. ಆದರೆ ದುರಸ್ತಿ ಮಾಡಿ ಬೀಗ ಹಾಕಿದರೂ ಪ್ರಯೋಜನವಿಲ್ಲ. ನೆಲಮಹಡಿಯನ್ನಾದರೂ ಟಿಕೆಟ್ಟಿಲ್ಲದೆ ಸಾರ್ವಜನಿಕರಿಗೆ ತೆರೆದಿಡಬೇಕು. ಫೋರ್ಟಿನಲ್ಲಿ ದುಡಿಯುವ ಹುಡುಗರು ಮಧ್ಯಾಹ್ನದ ಬಿಡುವಿನಲ್ಲಿ ಆ ಕಂಬಗಳ ನಡುವೆ ಕೂತು ಬುತ್ತಿ ಬಿಚ್ಚುವಂತಾಗಬೇಕು.