ತೋಪಾಗಿದ್ದಕ್ಕೆ ತೋಪು ಅಂತಲೇ ಹೆಸರಿಟ್ಟರು!

ಅಮೆರಿಕದಲ್ಲಿ ಅಕ್ಕನ ಮಗಳ ಜೊತೆ ಸಿನಿಮಾಕ್ಕೆ ಹೋಗಿದ್ದೆ. ಇಂಟರ್‌ವಲ್ ಅನ್ನುವುದೇ ಇಲ್ಲದ ಊರು. ಕತ್ತಲಲ್ಲಿ ಗಡಗಡ ಅಂತ ಏನೋ ಅಲ್ಲಾಡಿಸುವ ಸದ್ದು. "ಕೈ ಕೊಡು ಮಾಮ" ಅಂದಳು. ಹಳದಿ ಡಬ್ಬಿಯಿಂದ ಅಂಗೈಗೆ ಎರಡು ಉಂಡೆ ಬಿದ್ದವು. ಉಂಡೆ ಅನ್ನುವುದೂ ಜಾಸ್ತಿಯೇ. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಗುಳಿ. ಯಾರೋ ಗೋಲಿ ಮಾಡಲು ಹೊರಟು, ಬೇಜಾರಾಗಿ ಅರ್ಧಕ್ಕೇ ಎದ್ದು ಹೋದಂತಿತ್ತು.

"ಕಚ್ಚಬೇಡ, ಮೊದಲು ಚೀಪು" ಅಂದಿದ್ದಳು. ನಾನು ಕಚ್ಚಿದೆ. ಮೇಲಿನ ದವಡೆ ಕೆಳಗಿನದಕ್ಕೆ ಅಂಟಿಕೊಂಡಿತು. ಪರದೆ ಮೇಲೆ ಹೀರೋ ಸತ್ತ. ಅಯ್ಯೋ ಅನ್ನಲೂ ಬಾಯಿ ಬರಲಿಲ್ಲ.

ಇದು ಮಿಲ್ಕ್ ಡಡ್ಸ್. ಚಾಕೊಲೇಟ್ ಹೊದಿಸಿದ ಕ್ಯಾರಮೆಲ್, ಅಂದರೆ ಹಾಲು ಸಕ್ಕರೆ ಕಾಯಿಸಿ ಮಾಡಿದ ಅಂಟು ಮಿಠಾಯಿ. ಹುಟ್ಟಿದ್ದು ಶಿಕಾಗೋದಲ್ಲಿ, 1928ರ ಸುಮಾರಿಗೆ. ಎಫ್. ಹಾಫ್‌ಮನ್ ಅನ್ನುವ ಕಂಪನಿಯವರಿಗೆ ಚೆಂಡಿನ ಹಾಗೆ ದುಂಡಗಿನ ಮಿಠಾಯಿ ಬೇಕಿತ್ತು. ಎಷ್ಟು ಮಾಡಿದರೂ ಸೊಟ್ಟ ಸೊಟ್ಟ. ಮೆತ್ತಗಿನ ಕ್ಯಾರಮೆಲ್ ಅಲ್ವಾ, ತಣಿಯುವಷ್ಟರಲ್ಲಿ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಇಂಗ್ಲಿಷಿನಲ್ಲಿ ಡಡ್ ಅಂದರೆ ಕೈಕೊಟ್ಟ ವಸ್ತು, ಟುಸ್ ಅಂದ ಪಟಾಕಿ. ಅದನ್ನೇ ಹೆಸರಿಗೆ ಸೇರಿಸಿಬಿಟ್ಟರು. ಹಾಲು ಜಾಸ್ತಿ ಇದೆ ಅಂತ ಮಿಲ್ಕ್. ನಮ್ಮ ಮಾತಲ್ಲಿ ಹೇಳುವುದಾದರೆ 'ಹಾಲಿನ ತೋಪುಗಳು'. ಆಮೇಲೆ ಆ ಕಂಪನಿ ಮಿಲ್ಟನ್ ಹಾಲೋವೇ ಅನ್ನುವವರ ಕೈಗೆ ಬಂತು, ಹೆಸರು ಹಾಗೇ ಉಳಿಯಿತು.

ನನಗೆ ಈ ಮಿಠಾಯಿ ಹಿಡಿಸಿದ್ದೇ ಇದಕ್ಕೆ. ಸೊಟ್ಟಗಿರುವುದನ್ನು 'ವಿಶೇಷ ಆಕಾರ' ಅಂತ ಮಾರಬಹುದಿತ್ತು. ಈಗಿನವರು ಮಾಡುವುದೇ ಅದನ್ನು. ಅವರು ಮಾತ್ರ ತೋಪಾಗಿದ್ದನ್ನು ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಬರೆದರು.

ರುಚಿಯ ಗುಟ್ಟು ಹಾಲಿನಲ್ಲಿದೆ. ಬರೀ ಸಕ್ಕರೆ ಕಂದಾಗಬೇಕಾದರೆ 160 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಹಾಲು ಬೆರೆಸಿದರೆ 120ರ ಆಸುಪಾಸಿನಲ್ಲೇ ಬಣ್ಣ ತಿರುಗುತ್ತದೆ, ಹಾಲಿನ ಪ್ರೋಟೀನೂ ಸಕ್ಕರೆಯೂ ಸೇರಿ ಆ ಘಮ ಹುಟ್ಟಿಸುತ್ತವೆ. ಒಲೆ ಮೇಲೆ ನಾಲ್ಕು ಡಿಗ್ರಿ ಜಾಸ್ತಿಯಾದರೂ ಸಾಕು, ನೀರು ಇಂಗಿ ಮಿಠಾಯಿ ಇನ್ನೂ ಗಟ್ಟಿ. ಚಳಿಗಾಲದಲ್ಲಿ ಕಾರಿನಲ್ಲಿ ಮರೆತ ಡಬ್ಬಿಯದು ಅಕ್ಷರಶಃ ಕಲ್ಲು. ಜೇಬಿನಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡರೆ ಸರಿಹೋಗುತ್ತದೆ (ಪ್ಯಾಂಟ್ ಒಗೆಯುವವರ ಹತ್ತಿರ ಮಾತ್ರ ಈ ಮಾತು ಎತ್ತಬೇಡಿ).

ಈಗ ನನ್ನ ತಕರಾರು. 1996ರಲ್ಲಿ ಮಿಲ್ಕ್ ಡಡ್ಸ್ ಹರ್ಷೀಸ್ ಅನ್ನುವ ಚಾಕೊಲೇಟ್ ಕಂಪನಿಯ ಪಾಲಾಯಿತು. 2008ರಲ್ಲಿ ಅವರು ಮೇಲಿನ ಹೊದಿಕೆಯಿಂದ ಕೋಕೋ ಬೆಣ್ಣೆ (ಕೋಕೋ ಬೀಜದ ಕೊಬ್ಬು) ತೆಗೆದು, ಆ ಜಾಗಕ್ಕೆ ಸಸ್ಯದ ಎಣ್ಣೆ ಹಾಕಿದರು. ಅಮೆರಿಕದ ನಿಯಮದಲ್ಲಿ ಹಾಗೆ ಮಾಡಿದರೆ ಅದನ್ನು ಮಿಲ್ಕ್ ಚಾಕೊಲೇಟ್ ಅಂತ ಕರೆಯುವ ಹಾಗಿಲ್ಲ. ಅದಕ್ಕೇ ಡಬ್ಬಿಯಿಂದ ಆ ಎರಡು ಪದ ಮೆಲ್ಲಗೆ ಜಾಗ ಖಾಲಿ ಮಾಡಿದವು. ಕಾನೂನಿನ ಪ್ರಕಾರ ತಪ್ಪೇನಿಲ್ಲ, ಒಪ್ಪುತ್ತೇನೆ. ಆದರೆ ಡಬ್ಬಿಯ ಬಣ್ಣ ಅದೇ, ಹೆಸರು ಅದೇ. ಹಳೇ ಗಿರಾಕಿ ಯಾಕೆ ಸಣ್ಣಕ್ಷರ ಓದುತ್ತಾನೆ?

ಎಣ್ಣೆ ಯಾವುದಾದರೇನು ಅನ್ನಬೇಡಿ. ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಗೆ, ನಮ್ಮ ಬಾಯಿಯ ಬಿಸಿಗಿಂತ ಒಂಚೂರು ಕೆಳಗೆ. ಅದಕ್ಕೇ ಒಳ್ಳೆ ಚಾಕೊಲೇಟ್ ಕೈಯಲ್ಲಿ ಗಟ್ಟಿ, ನಾಲಿಗೆ ಮೇಲೆ ನೀರು. ಬೇರೆ ಎಣ್ಣೆಗಳಿಗೆ ಈ ಕರಾರುವಾಕ್ಕು ಸುಲಭಕ್ಕೆ ಬರುವುದಿಲ್ಲ. ನಾನು ಎರಡನೆಯದನ್ನು ಬುದ್ಧಿ ಕಲಿತು ಚೀಪಿದೆ. ಹೊದಿಕೆ ಕರಗಿದ ಮೇಲೂ ಅಂಗುಳಿನಲ್ಲಿ ಜಿಡ್ಡು ಕೂತೇ ಇತ್ತು. ಒಳಗಿನ ಕ್ಯಾರಮೆಲ್ ಮಾತ್ರ ಸೊಗಸು, ಅದಕ್ಕೆ ನೂರಕ್ಕೆ ನೂರು. ಆಕಾರ ಕೈಕೊಟ್ಟಾಗ ಡಡ್ ಅಂತ ಒಪ್ಪಿಕೊಂಡವರ ಮಿಠಾಯಿ ಇದು. ಹೊದಿಕೆ ಬದಲಾಯಿಸಿದಾಗಲೂ ಅಷ್ಟೇ ದಪ್ಪಕ್ಷರದಲ್ಲಿ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು?

ಸಿನಿಮಾ ಮುಗಿದು ಕಾರಿಗೆ ನಡೆಯುವಾಗ ಇದನ್ನೆಲ್ಲ ಅವಳಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಡಬ್ಬಿ ಒಮ್ಮೆ ಅಲ್ಲಾಡಿಸಿ, "ಹಾಗಾದ್ರೆ ಉಳಿದದ್ದು ನಿಂಗೆ ಬೇಡ್ವಾ ಮಾಮ?" ಅಂದಳು.

ಬೇಡ ಅಂತ ನಾನು ಎಲ್ಲಿ ಹೇಳಿದೆ?