ಕನ್ನಡಿಯೊಳಗಿನ ಗಂಟು

ಶಿರಸಿಯ ನಮ್ಮ ಮನೆಯ ಡೆಸ್ಕ್‌ಟಾಪಿನಲ್ಲಿ ಎರಡು ಹಾರ್ಡ್ ಡಿಸ್ಕ್ ಇವೆ. ಒಂದೊಂದೂ 2 ಟಿಬಿ (ಟೆರಾಬೈಟ್). ಆದರೆ ತೆರೆದು ನೋಡಿದರೆ ಕಾಣುವುದು ಒಂದೇ ಡ್ರೈವು, ಅದೂ 1.81 ಟಿಬಿ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಎರಡನೇ ಡಿಸ್ಕಿನಲ್ಲಿ ಕನ್ನಡಿಯಂತೆ ಮೊದಲನೆಯದರ ಪಡಿಯಚ್ಚು, ಅಂದರೆ ಮಿರರ್, ಇರುತ್ತದೆ ಅಂತೆಲ್ಲ ಹೆಂಡತಿಗೆ ವಿವರಿಸಿದೆ. ಅವಳು ಬಿಲ್ ನೋಡಿ, "ನಾಲ್ಕಕ್ಕೆ ದುಡ್ಡು ಕೊಟ್ಟು ಎರಡನ್ನೂ ಪೂರ್ತಿ ತರಲಿಲ್ಲ" ಅಂದಳು.

ಇದಕ್ಕೆ ರೇಯ್ಡ್ (RAID) ಅಂತ ಹೆಸರು. 1988ರಲ್ಲಿ ಅಮೆರಿಕದ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಬರೆದ ಪ್ರಬಂಧದಿಂದ ಬಂದದ್ದು. ಅದರಲ್ಲಿನ 'ಐ' ಅಂದರೆ ಇನ್‌ಎಕ್ಸ್‌ಪೆನ್ಸಿವ್, ಅಗ್ಗದ್ದು. ಆಮೇಲೆ ಅದು ಇಂಡಿಪೆಂಡೆಂಟ್ ಆಯಿತು. ಯಾಕೆ ಬದಲಾಯಿತು ಅಂತ ಬಿಲ್ ನೋಡಿದವರಿಗೆ ಗೊತ್ತಾಗುತ್ತದೆ.

ಎರಡು ಡಿಸ್ಕ್ ಇದೆಯಲ್ಲ ಅಂತ ನನಗೆ ಕೊಬ್ಬು ಬಂತು. ಒಂದು ಭಾನುವಾರ ಕೂತು ಕಸ ತೆಗೆದೆ. 'ನ್ಯೂ ಫೋಲ್ಡರ್', 'ನ್ಯೂ ಫೋಲ್ಡರ್ 2', 'ನ್ಯೂ ಫೋಲ್ಡರ್ ಬೇಕು', ಹೀಗೆ ಎಲ್ಲವನ್ನೂ ಶಿಫ್ಟ್ ಒತ್ತಿ ಡಿಲೀಟ್. ರೀಸೈಕಲ್ ಬಿನ್‌ಗೂ ಹೋಗದ ಹಾಗೆ. ಸಂಜೆ ಆಯಿ ಬಂದು, "ತಮಾ, ಜಾತ್ರೆ ಫೋಟೋ ತೋರ್ಸೋ" ಅಂದಾಗ ಎದೆ ಧಸಕ್ಕೆಂದಿತು. 2022ರ ಮಾರಿಕಾಂಬಾ ಜಾತ್ರೆ, ಬಿಡ್ಕಿಬೈಲಿಗೆ ದೇವಿಯ ರಥ ಬಂದದ್ದು, ಗದ್ದಿಗೆಯ ಮುಂದೆ ಆಯಿ ನಿಂತದ್ದು, ಎಲ್ಲ ಇದ್ದದ್ದು 'ಬೇಕು' ಅಂತ ನಾನೇ ಬರೆದಿದ್ದ ಫೋಲ್ಡರಿನಲ್ಲಿ.

ಹೆದರಲಿಲ್ಲ. ಇನ್ನೊಂದು ಡಿಸ್ಕ್ ಇದೆ ಅಲ್ವಾ? ಕ್ಯಾಬಿನೆಟ್ ಬಿಚ್ಚಿದೆ, ಒಳಗೆ ಹಲ್ಲಿಯ ಎರಡು ಮೊಟ್ಟೆ (ಅವೂ ಮಿರರ್ ಮಾಡಿದ್ದೇ ಇರಬೇಕು), ಅವನ್ನು ಉಪಾಯವಾಗಿ ಪಕ್ಕಕ್ಕಿಟ್ಟು, ಒಂದು ಡಿಸ್ಕ್ ಬಿಚ್ಚಿಕೊಂಡು, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ, ಜಡಿಮಳೆಯಲ್ಲಿ ಭಾವನ ಮನೆಗೆ ಸ್ಕೂಟರ್ ಓಡಿಸಿದೆ. ಅವನ ಕಂಪ್ಯೂಟರಿಗೆ ಹಾಕಿ ನೋಡಿದರೆ ಅದೂ ಖಾಲಿ! ನಾನು ಅಳಿಸಿದ ಕ್ಷಣದಲ್ಲೇ ಅದೂ ಅಳಿಸಿಕೊಂಡಿದೆ. ಇಷ್ಟು ವಿಧೇಯತೆ ಮನೆಯಲ್ಲಿ ಬೇರೆ ಯಾರಿಗೂ ಇಲ್ಲ. ಒಂದು ಡಿಸ್ಕ್ ಸತ್ತರೆ ಇನ್ನೊಂದು ಉಳಿಯುತ್ತದೆ, ನಿಜ. ನನ್ನ ಬೆರಳಿನಿಂದ ಮಾತ್ರ ಎರಡನ್ನೂ ಉಳಿಸುವವರಿಲ್ಲ.

ವಾಪಸ್ ತಂದು ಹಾಕಿದರೆ ಸ್ಕ್ರೀನಿನಲ್ಲಿ 'ಡಿಗ್ರೇಡೆಡ್' ಅಂತ ಬಂತು. ಜೋಡಿ ಮುರಿದಿದೆ, ಇನ್ನೊಮ್ಮೆ ಮೊದಲಿಂದ ಕೊನೆವರೆಗೆ ನಕಲು ಮಾಡಬೇಕು. 2 ಟಿಬಿ ಅಂದರೆ ಎಷ್ಟೋ ಗಂಟೆ. ಆಷಾಢದ ಮಳೆ, ನಮ್ಮೂರಿನ ಕರೆಂಟು, ಹತ್ತು ನಿಮಿಷಕ್ಕೆ ಕೂಗಲು ಶುರು ಮಾಡುವ ಯುಪಿಎಸ್. ರಾತ್ರಿಯಿಡೀ ಬಾಣಂತಿ ಪಕ್ಕ ಕೂತ ಹಾಗೆ ಶೇಕಡಾವಾರು ನೋಡುತ್ತ ಕೂತೆ. ಅಷ್ಟು ಹೊತ್ತಿಗೆ ಭಾವ ಫೋನ್ ಮಾಡಿ, ಅಳಿಸಿದ ಮೇಲೆ ಆ ಡಿಸ್ಕಿಗೆ ಏನೂ ಬರೆಯಬಾರದಿತ್ತು ಮಾರಾಯಾ, ಹಾಗೇ ಬಿಟ್ಟಿದ್ದರೆ ರಿಕವರಿ ಸಾಫ್ಟ್‌ವೇರಿಗೆ ಸಿಗುತ್ತಿತ್ತು ಅಂದ. ನಾನು ಬೇಜಾರಿಗೆ ಅದೇ ಡ್ರೈವಿಗೆ ಎರಡು ಸಿನಿಮಾ ಇಳಿಸಿಕೊಂಡಾಗಿತ್ತು.

ಕೊನೆಗೆ ಸುಮಾರು ಫೋಟೋ ಸಿಕ್ಕವು. ಹೆಸರು ಹೋಗಿ ಬರೀ ನಂಬರ್. ರಥದ ಗಾಲಿ ಇದೆ, ದೇವಿ ಇರುವ ಭಾಗ ಬೂದು ಬಣ್ಣ.

ಆಯಿ ಎಲ್ಲ ಕೇಳಿ, "ಮಿಡಿ ಉಪ್ಪಿನಕಾಯಿ ಎಲ್ಲಾ ಒಂದೇ ಭರಣಿಲಿ ಹಾಕ್ತ್ವನಾ?" ಅಂದಳು. ಮೂರು ಭರಣಿ ಹಾಕುತ್ತಾಳೆ ಅವಳು. ಒಂದು ಅಡುಗೆಮನೆಯಲ್ಲಿ, ಒಂದು ಅಟ್ಟದಲ್ಲಿ, ಒಂದು ಕುಮಟಾದಲ್ಲಿರುವ ನನ್ನ ತಂಗಿಯ ಮನೆಯಲ್ಲಿ. ಪೀಟರ್ ಕ್ರೋಗ್ ಎಂಬ ಅಮೆರಿಕದ ಫೋಟೋಗ್ರಾಫರ್ ಹೇಳಿದ 3-2-1 ಸೂತ್ರವೂ ಹೆಚ್ಚುಕಮ್ಮಿ ಇದೇ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಿಂದ ಹೊರಗೆ.

ಹಾಗಾಗಿ ಒಂದು ಎಕ್ಸ್‌ಟರ್ನಲ್ ಡಿಸ್ಕ್ ತಂದು, ಎಲ್ಲ ಕಾಪಿ ಮಾಡಿ, ಉಪ್ಪಿನಕಾಯಿ ಭರಣಿಯ ಜೊತೆಗೇ ದೇವಿಮನೆ ಘಟ್ಟ ಇಳಿಸಿ ಕುಮಟಾಕ್ಕೆ ಮುಟ್ಟಿಸಿದೆ. ನಾಲ್ಕು ದಿನ ನೆಮ್ಮದಿ. ಐದನೇ ದಿನ ತಂಗಿಯ ಫೋನು.

"ಅಣ್ಣಾ, ಆ ಕಪ್ಪು ಡಬ್ಬಿ ಟಿವಿಗೆ ಹಾಕಿದ್ರೆ ಎಂತದೋ ಫಾರ್ಮ್ಯಾಟ್ ಮಾಡವಾ ಅಂತ ಕೇಳ್ತಾ ಇದ್ದು. ಹೌದು ಅಂತ ಒತ್ತಿಬಿಡ್ಲಾ?"