ವಿಡಿಯೋ ಕಾಲ್ ಅಂದ್ರೆ ಸುಲಭ ಇದ್ರೆ ಸಾಕಾ, ಕ್ವಾಲಿಟೀನೂ ಬೇಕಾ?

ಪರ: ಸುಲಭ ಇದ್ರೆ ಸಾಕು

ನಮ್ಮಮ್ಮ ಇರೋದು ಹೊಸನಗರದ ಹತ್ರ ಹಳ್ಳೀಲಿ, ನಾನು ಶಿವಮೊಗ್ಗದಲ್ಲಿ. ಕೆಲ ವರ್ಷದ ಹಿಂದೆ ಹಳೇ ಲ್ಯಾಪ್‌ಟಾಪಿಗೆ ಒಳ್ಳೇ ವೆಬ್‌ಕ್ಯಾಮ್ ಸಿಕ್ಸಿ, ವಿಡಿಯೋ ಕಾಲಿಗೆ ಒಂದು ಸಾಫ್ಟ್‌ವೇರ್ ಹಾಕಿ ಜಗಲಿ ಟೇಬಲ್ ಮೇಲೆ ಇಟ್ಟು ಬಂದೆ. ಒಂದು ವಾರ ಚೆನ್ನಾಗೇ ಇತ್ತು. ಆಮೇಲೆ ಒಂದಿನ ಅಪ್‌ಡೇಟ್ ಕೇಳ್ತು, ಇನ್ನೊಂದಿನ ಪಾಸ್‌ವರ್ಡ್ ಕೇಳ್ತು, ಅದೂ ಸರಿಹೋಯ್ತು ಅನ್ನೋಷ್ಟರಲ್ಲಿ ಲ್ಯಾಪ್‌ಟಾಪಿನ ಮೈಕೋ ವೆಬ್‌ಕ್ಯಾಮಿನ ಮೈಕೋ ಅಂತ ಗೊಂದಲ ಆಗಿ ಅಮ್ಮನ ಬಾಯಿ ಆಡೋದು ಮಾತ್ರ ಕಾಣ್ತಿತ್ತು, ದನಿ ಇಲ್ಲ. ತಲೆ ಬಾಚ್ಕೊಂಡು ಸೀರೆ ಸರಿ ಮಾಡ್ಕೊಂಡು ಕೂತಿದ್ದ ಅಮ್ಮ "ನಂಗೆ ಇದೆಲ್ಲ ಬರಲ್ಲ ಬಿಡೋ" ಅಂತ ಎದ್ದು ಹೋದ್ಲು. ಬರ್ದೇ ಇದ್ದಿದ್ದು ಅಮ್ಮಂಗಲ್ಲ, ಅದನ್ನ ಮಾಡಿದೋರಿಗೆ.

ಈಗ ಮೊಬೈಲಲ್ಲಿ ನನ್ನ ಫೋಟೋ ಒತ್ತುತಾಳೆ, ಅಷ್ಟೇ. ವಾಟ್ಸಾಪಲ್ಲಿ ವಿಡಿಯೋ ಕಾಲ್ ಬಂದಿದ್ದು 2016ರಲ್ಲಿ, ಸ್ಕೈಪ್ ಅನ್ನೋ ಹಳೇ ಕಾಲಿಂಗ್ ಸಾಫ್ಟ್‌ವೇರ್ ಅದಕ್ಕಿಂತ ಹತ್ತು ವರ್ಷ ಮೊದ್ಲೇ ಕೊಟ್ಟಿತ್ತು, ಆದ್ರೂ 2025ರ ಮೇ ತಿಂಗಳಲ್ಲಿ ಬಾಗಿಲು ಹಾಕ್ತು. ಕಾರಣ ಬೇರೇನೂ ಇರ್ಬಹುದು, ನಂಗೆ ಕಾಣೋದು ಇಷ್ಟು: ಫೋನ್ ನಂಬರೇ ಅಕೌಂಟ್ ಆದಾಗ ನೆನಪಿಟ್ಕೊಳ್ಳೋಕೆ ಏನೂ ಉಳಿಯಲ್ಲ.

ಇನ್ನು ಮಳೆಗಾಲ. ಕರೆಂಟ್ ಹೋಯ್ತು ಅಂದ್ರೆ ವೈಫೈನೂ ಹೋಯ್ತು, ಆಮೇಲೆ ಅಂಗಳದ ತುಳಸಿಕಟ್ಟೆ ಹತ್ರ ನಿಂತ್ರೆ ಮಾತ್ರ ಎರಡು ಕಡ್ಡಿ ಸಿಗ್ನಲ್ಲು. ಜೂಮ್ ಅನ್ನೋ ವಿಡಿಯೋ ಕಾಲ್ ಆ್ಯಪಲ್ಲಿ ಇಬ್ರೇ ಮಾತಾಡಿದ್ರೂ 720ಪಿ ಅನ್ನೋ ಮಟ್ಟದ ಚಿತ್ರಕ್ಕೆ 1.2 ಎಂಬಿಪಿಎಸ್ ಇಂಟರ್ನೆಟ್ ವೇಗ ಬೇಕು, ಅದೇ ಸಿಗ್ದಿದ್ದಾಗ ಅದಕ್ಕಿಂತ ಸ್ಪಷ್ಟ ಚಿತ್ರದ 1080ಪಿ ವೆಬ್‌ಕ್ಯಾಮ್ ಇಟ್ಕೊಂಡು ಏನ್ಮಾಡೋದು? ಮೊಬೈಲಾದ್ರೆ ಕೊಡೆ ಹಿಡ್ಕೊಂಡು ಕಟ್ಟೆ ಹತ್ರ ಬರ್ತಾಳೆ. ಮೊನ್ನೆ ಹಾಗೇ ಮಾತಾಡ್ತಾ ಕೊಟ್ಟಿಗೆಗೆ ಹೋಗಿ ಹೊಸಾ ಕರು ತೋರ್ಸಿದ್ಲು, ಚಿತ್ರ ಮಸುಕು ಮಸುಕು, ಆದ್ರೂ ಹಣೆ ಮೇಲಿನ ಬಿಳಿ ಚುಕ್ಕೆ ಕಾಣ್ತು.

ವಿರೋಧ: ಅಷ್ಟೇ ಸಾಲ್ದು

ತೀರ್ಥಹಳ್ಳೀಲಿ ಮಕ್ಕಳಿಗೆ ಸಂಗೀತ ಹೇಳ್ಕೊಡ್ತೀನಿ, ಕೆಲವ್ರಿಗೆ ಆನ್‌ಲೈನಲ್ಲೇ. ಒತ್ತಿದ ಕೂಡ್ಲೇ ಕಾಲ್ ಹೋಗೋದು ಒಳ್ಳೇದೇ, ಆದ್ರೆ ಹೋದ್ಮೇಲೆ ಏನ್ ತಲುಪುತ್ತೆ ಅಂತಾನೂ ನೋಡ್ಬೇಕಲ್ಲ. ನಾನು ಶ್ರುತಿಪೆಟ್ಟಿಗೆ ಹಾಕ್ಕೊಂಡು "ಸಾ" ಹಿಡ್ದು ಕೂತ್ರೆ ಆ ಕಡೆ ಸಾಗರದಲ್ಲಿರೋ ಹುಡುಗಿಗೆ ಶ್ರುತೀನೇ ಕೇಳಲ್ಲ, ಯಾಕಂದ್ರೆ ಈ ಸಾಫ್ಟ್‌ವೇರ್‌ಗಳು ಮಾತು ಯಾವ್ದು ಗಲಾಟೆ ಯಾವ್ದು ಅಂತ ತಾವೇ ತೀರ್ಮಾನ ಮಾಡಿ, ಒಂದೇ ಸಮ ಬರೋ ದನೀನ ಫ್ಯಾನ್ ಸದ್ದು ಅನ್ಕೊಂಡು ಅಳಿಸಿಬಿಡ್ತವೆ. ಮಗು ಪಾಪ ಬೇರೆ ಯಾವ್ದೋ ಶ್ರುತೀಲಿ ಹಾಡ್ತಿತ್ತು, ನಾನು ಅದಕ್ಕೇ ಬೈದೆ, ತಪ್ಪು ಅದರದ್ದಲ್ಲ ಅಂತ ಗೊತ್ತಾಗೋಕೆ ಹದಿನೈದು ದಿನ ಬೇಕಾಯ್ತು. ಜೂಮಲ್ಲಿ ಒರಿಜಿನಲ್ ಸೌಂಡ್ ಅಂತ ಒಂದು ಸೆಟ್ಟಿಂಗ್ ಇದೆ, ಅದನ್ನ ಆನ್ ಮಾಡಿದ್ಮೇಲೆ ಶ್ರುತಿ ಕೇಳ್ತು. ಹುಡುಕ್ಬೇಕು, ಕಲೀಬೇಕು, ನಿಜ.

ತಾಳಾನೂ ಹಾಗೇ. ನಮ್ಮ ಕಡೆ ಹಳೇ ಮನೆ ಒಳಗೆ ಆಷಾಢದಲ್ಲಿ ಮಧ್ಯಾಹ್ನನೂ ಕತ್ತಲೆ. ಬೆಳಕು ಸಾಲ್ದಿದ್ರೆ ವೆಬ್‌ಕ್ಯಾಮ್ ಒಂದೊಂದು ಚಿತ್ರಕ್ಕೂ ಜಾಸ್ತಿ ಹೊತ್ತು ತಗೊಳತ್ತೆ, ಸೆಕೆಂಡಿಗೆ 30 ಬರೋದು 15ಕ್ಕೆ ಇಳಿಯುತ್ತೆ, ಮಗು ಬೆರಳು ಎಣಿಸೋದು ಬರೀ ಹೊಗೆ ಥರ ಕಾಣುತ್ತೆ. ಡಬ್ಬಿ ಮೇಲೆ 1080ಪಿ ಅಂತ ಬರ್ದಿದ್ದು ನೋಡಿ ಮೋಸ ಹೋಗ್ಬೇಡಿ, ಒಳಗೆ ಬೆಳಕು ಹಿಡಿಯೋ ಸೆನ್ಸರ್ ಸಣ್ಣದಾದ್ರೆ ಕತ್ತಲಲ್ಲಿ ಅದೂ ಅಷ್ಟೇ. ಕಿಟಕಿಗೆ ಬೆನ್ನು ಹಾಕದೆ ಮುಖ ಮಾಡಿ ಕೂರ್ಸಿ, ಇಲ್ಲಾಂದ್ರೆ ಎದುರಿಗೆ ಒಂದು ಎಲ್‌ಇಡಿ ಬಲ್ಬ್ ಹಾಕಿ.

ವಯಸ್ಸಾದೋರಿಗೆ ಕ್ವಾಲಿಟಿ ಯಾಕೆ ಅಂತಾರೆ ಜನ. ನಮ್ಮಜ್ಜಿಗೆ ಕಿವಿ ಮಂದ, ಅರ್ಧ ಮಾತು ತುಟಿ ನೋಡೇ ತಿಳ್ಕೊಳ್ಳೋದು. ಚಿತ್ರ ಒಂದ್ಕಡೆ ದನಿ ಒಂದ್ಕಡೆ ಆದಾಗ ಎಲ್ಲದಕ್ಕೂ "ಹೂಂ ಹೂಂ" ಅಂತಿದ್ರು, ಚೆನ್ನಾಗಿದೀನಿ ಅಂತಿದಾರೆ ಅಂತ ನಾವು ಫೋನ್ ಇಡ್ತಿದ್ವಿ. ಬೆಳಕು ಸರಿ ಮಾಡಿ, ಫೋನ್ ಕೈಯಲ್ಲಿ ಹಿಡೀದೆ ಸ್ಟ್ಯಾಂಡಿಗೆ ಹಾಕಿ ಮಾತಾಡಿದ ದಿನ ಅಜ್ಜಿ ಮೊದಲ್ನೇ ಸಲ ತಿರುಗಿ ಪ್ರಶ್ನೆ ಕೇಳಿದ್ರು, "ನಿನ್ನ ಕೆಮ್ಮು ಹೋಯ್ತೇನೇ?"